ಮನೆಮನೆ ಸಮೀಕ್ಷೆ ಮತ್ತು ಉಲ್ಲೇಖಗಳ ಲೆಕ್ಕ: ನರವಿಜ್ಞಾನ ಸಂಶೋಧನೆಯ ಮೌಲ್ಯಮಾಪನವನ್ನು ಕುರಿತು

ನರವಿಜ್ಞಾನಿಯೊಬ್ಬರ ಸಾಧನೆ ತೂಗುವಾಗ ಪ್ರಬಂಧಗಳೆಷ್ಟು, ಅವಕ್ಕೆ ಬಂದ ಉಲ್ಲೇಖಗಳೆಷ್ಟು, ಎಚ್-ಸೂಚ್ಯಂಕವೆಷ್ಟು ಎಂದು ಕೇಳುವುದು ಈಗ ರೂಢಿ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಮುಂದಿಟ್ಟ ಈ ಸೂಚ್ಯಂಕದ ಲೆಕ್ಕ ಸರಳವಾದುದು: ಕನಿಷ್ಠ 20 ಸಲವಾದರೂ ಉಲ್ಲೇಖಗೊಂಡ 20 ಪ್ರಬಂಧಗಳಿದ್ದು, 21 ಸಲ ಉಲ್ಲೇಖಗೊಂಡವು 21 ಇಲ್ಲದಿದ್ದರೆ ಸೂಚ್ಯಂಕ 20. ಮೂರೇ ಪ್ರಬಂಧ ಬರೆದು, ಒಂದೊಂದಕ್ಕೂ ಸಾವಿರ ಉಲ್ಲೇಖ ಪಡೆದವರ ಸೂಚ್ಯಂಕ ಮೂರನ್ನು ದಾಟುವುದೇ ಇಲ್ಲ. ಈ ದೋಷ ಎಲ್ಲರಿಗೂ ತಿಳಿದದ್ದು. ನನ್ನ ವಾದ ಅದಕ್ಕಿಂತ ಮೂಲಭೂತವಾದುದು. ಪ್ರಬಂಧ ಬರೆಯುವವರು ಒಂದು ಕೃತಿಯನ್ನು ಎಷ್ಟು ಬಳಸಿದರೆಂಬುದನ್ನಷ್ಟೇ ಉಲ್ಲೇಖ ಹೇಳುತ್ತದೆ. ಹಳ್ಳಿಯ ನರರೋಗಗಳನ್ನು ಅಧ್ಯಯನ ಮಾಡುವ ಶಾಖೆಯಲ್ಲಿ ಆ ಜ್ಞಾನ ಬೇಕಾಗಿರುವವರಲ್ಲಿ ಹೆಚ್ಚಿನವರು ಪ್ರಬಂಧ ಬರೆಯುವವರಲ್ಲ. ಆದ್ದರಿಂದ ಈ ಅಳತೆ ಇಲ್ಲಿ ತಪ್ಪುವುದು ಆಕಸ್ಮಿಕವಾಗಿ ಅಲ್ಲ, ಸದಾ ಒಂದೇ ದಿಕ್ಕಿಗೆ.

ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ನಡೆಸಿದ ನರರೋಗ ಸಮೀಕ್ಷೆ ಇದಕ್ಕೆ ಗಟ್ಟಿಯಾದ ಸಾಕ್ಷಿ. ಎಂ. ಗೌರಿದೇವಿ, ಜಿ. ಗುರುರಾಜ್, ಪಿ. ಸತೀಶ್ಚಂದ್ರ, ಡಿ. ಕೆ. ಸುಬ್ಬಕೃಷ್ಣ ಅವರ ತಂಡ 1,02,557 ಜನರನ್ನು ಒಳಗೊಂಡು ಸಮುದಾಯ ಮಟ್ಟದಲ್ಲಿ ಈ ಕೆಲಸ ಮಾಡಿತು. ನರರೋಗಗಳ ಪ್ರಮಾಣ ಗ್ರಾಮೀಣ ಭಾಗದಲ್ಲಿ ಲಕ್ಷಕ್ಕೆ 4,070, ನಗರದಲ್ಲಿ 2,190. ಮೂರ್ಛೆರೋಗವೊಂದನ್ನೇ ತೆಗೆದುಕೊಂಡರೆ ಹಳ್ಳಿಗಳಲ್ಲಿ ಸಾವಿರಕ್ಕೆ 11.9, ನಗರದಲ್ಲಿ 5.7. ಔಷಧಿ ದಾಸ್ತಾನು ಎಲ್ಲಿ ಹೆಚ್ಚು ಬೇಕು, ತರಬೇತಾದ ವೈದ್ಯರು ಎಲ್ಲಿರಬೇಕು ಎಂಬ ಪ್ರಶ್ನೆಗಳಿಗೆ ಈ ಅಂಕಿಗಳಷ್ಟು ನೇರವಾಗಿ ಉತ್ತರಿಸುವ ಬರಹ ಅಪರೂಪ. ಆದರೆ ನೆಲಮಂಗಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂರ್ಛೆರೋಗಕ್ಕೆ ಫೀನೋಬಾರ್ಬಿಟಾಲ್ ಬರೆದುಕೊಡುವ ವೈದ್ಯರ ಚೀಟಿ ಯಾವ ಉಲ್ಲೇಖಕೋಶಕ್ಕೂ ಸೇರದು. ಇನ್ನು ಕಾಲದ ಮಾತು. ವರ್ಷಗಟ್ಟಲೆ ಹಿಡಿದ ಈ ಸಮೀಕ್ಷೆಯ ಸಮಗ್ರ ಫಲಿತಾಂಶ ಬಂದದ್ದು 2004ರಲ್ಲಿ. ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಬಂದ ಉಲ್ಲೇಖಗಳಿಂದ ನಿಯತಕಾಲಿಕವನ್ನು ತೂಗುವ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಇಷ್ಟು ನಿಧಾನವಾಗಿ ಮಾಗುವ ಕೆಲಸದ ಗುಣ ಕಾಣುವುದಾದರೂ ಹೇಗೆ?

ತೀರಾ ಯಶಸ್ವಿಯಾದ ಶೋಧವೂ ಉಲ್ಲೇಖದಿಂದ ಜಾರಿಹೋಗುತ್ತದೆ. ಒಂದೇ ಕೈ ಅಥವಾ ಕಾಲಿನ ಸ್ನಾಯುಗಳು ಸೊರಗುವ ಕಾಯಿಲೆಗೆ ‘ಮೋನೋಮೆಲಿಕ್ ಅಮಯೋಟ್ರೋಫಿ’ ಎಂಬ ಹೆಸರಿಟ್ಟು ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದರು. ಇಂದು ಆ ಹೆಸರು ವೈದ್ಯಕೀಯದ ಸಾಮಾನ್ಯ ಮಾತು. ಬಳಸುವವರೆಲ್ಲ ಮೂಲ ಪ್ರಬಂಧವನ್ನು ನೆನೆಯಬೇಕಾದ ಅಗತ್ಯ ಉಳಿದಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದು ಇದನ್ನೇ: ಜ್ಞಾನವು ಎಲ್ಲರದಾದಾಗ ಅದರ ಕರ್ತೃವಿನ ಗುರುತು ಅಳಿಯುತ್ತದೆ. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಮೂರ್ಛೆಯನ್ನು ಸತೀಶ್ಚಂದ್ರ ಮತ್ತಿತರರು 1988ರಲ್ಲಿ 279 ರೋಗಿಗಳ ಆಧಾರದ ಮೇಲೆ ವಿವರಿಸಿದರು. ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ, ಜಗತ್ತಿನ ಬಹುಭಾಗದಲ್ಲಿ ವಿರಳವಾಗಿ ಕಾಣುವ ರೋಗ ಅದು. ಅದನ್ನು ಕುರಿತು ಬರೆಯುವವರೇ ಕಡಿಮೆ ಇರುವಾಗ, ಆಲ್‌ಝೈಮರ್ ಕಾಯಿಲೆಯ ಪ್ರಬಂಧಗಳ ಪಕ್ಕದಲ್ಲಿ ಉಲ್ಲೇಖಗಳನ್ನು ಹೋಲಿಸುವುದು ರೋಗದ ಭೂಗೋಳಕ್ಕೆ ಸಂಶೋಧಕರನ್ನು ಹೊಣೆ ಮಾಡಿದಂತೆ.

ಉಲ್ಲೇಖಗಳನ್ನು ಎಣಿಸುವಲ್ಲಿ ಹೆಸರಿನ ತೊಡಕೂ ಸಣ್ಣದಲ್ಲ. ಮನೆತನದ ಹೆಸರು ಕಡ್ಡಾಯವಲ್ಲದ, ಊರಿನ ಇಲ್ಲವೇ ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಟ್ಟುಕೊಳ್ಳುವ ನಮ್ಮ ಪದ್ಧತಿ, ಕೊನೆಯ ಹೆಸರನ್ನೇ ಆಧಾರವಾಗಿಟ್ಟ ಕೋಶಗಳಿಗೆ ಒಗ್ಗುವುದಿಲ್ಲ. ಮೊದಲಕ್ಷರ ಒಮ್ಮೆ ಬಿಟ್ಟರೆ, ಇನ್ನೊಮ್ಮೆ ಬಿಡಿಸಿ ಬರೆದರೆ, ಒಬ್ಬರೇ ಇಬ್ಬರಾಗುತ್ತಾರೆ. ಒಂದೇ ಹೆಸರಿನ ಇಬ್ಬರು ಒಬ್ಬರಾಗುತ್ತಾರೆ. 2012ರಲ್ಲಿ ಆರಂಭವಾದ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಹೊಸಬರಿಗೆ ನೆರವಾದೀತು. ಅದಕ್ಕೂ ಮೊದಲೇ ದುಡಿದ ಪೀಳಿಗೆಯ ದಾಖಲೆಯನ್ನು ಕೈಯಾರೆ ಪರಿಶೀಲಿಸದೆ ನಂಬಲಾಗದು.

ಸಂಖ್ಯೆಯನ್ನು ಕೈಬಿಟ್ಟರೆ ಶಿಫಾರಸು, ಜಾತಿ, ಗುರುಕೃಪೆಗಳು ಮರಳಿ ಬರುತ್ತವೆ ಎಂಬ ಆಕ್ಷೇಪ ಗಂಭೀರವಾದುದು. ನಮ್ಮ ವಿಶ್ವವಿದ್ಯಾಲಯಗಳ ನೇಮಕಾತಿಗಳನ್ನು ಬಲ್ಲವರು ಇದನ್ನು ಹಗುರವಾಗಿ ತಳ್ಳಿಹಾಕಲಾರರು. ಅದಕ್ಕೇ ನಾನು ಸಂಖ್ಯೆಯನ್ನು ಬಿಡಿ ಎನ್ನುತ್ತಿಲ್ಲ. ಸಂಖ್ಯೆಯನ್ನೇ ಸುಧಾರಿಸಿದರೆ ಸಾಕೆಂಬ ಇನ್ನೊಂದು ವಾದ ಮಾತ್ರ ಪೂರ್ತಿ ಒಪ್ಪಿಗೆಯಾಗದು. ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪಟ್ಟಿ, ಅಂದರೆ ‘ಶೇಕಡಾ 2ರ ವಿಜ್ಞಾನಿಗಳು’ ಎಂದು ಪತ್ರಿಕೆಗಳಲ್ಲಿ ಪ್ರತಿವರ್ಷ ಸುದ್ದಿಯಾಗುವುದು, ಸ್ವಂತ ಉಲ್ಲೇಖಗಳನ್ನು ಬೇರ್ಪಡಿಸಿ, ಶಾಖೆಯನ್ನೂ ಗಮನಿಸುತ್ತದೆ. ಇದು ಮುನ್ನಡೆಯೇ ಸರಿ. ಆದರೂ ಅದರ ಆರು ಅಂಶಗಳಲ್ಲಿ ಮೂರು ಏಕೈಕ, ಮೊದಲ ಅಥವಾ ಕೊನೆಯ ಲೇಖಕರಾಗಿ ಪಡೆದ ಉಲ್ಲೇಖಗಳಿಗೆ ಮೀಸಲು. ಸಮೀಕ್ಷೆಯಲ್ಲಿ ಸಾಂಕ್ರಾಮಿಕಶಾಸ್ತ್ರಜ್ಞ, ಸಂಖ್ಯಾಶಾಸ್ತ್ರಜ್ಞ, ನರವೈದ್ಯ ಮೂವರಲ್ಲಿ ಒಬ್ಬರಿಲ್ಲದಿದ್ದರೂ ಕೆಲಸ ನಿಲ್ಲುತ್ತದೆ. ನಡುವಿನ ಹೆಸರಿನವರಿಗೆ ಆ ಮೂರು ಅಂಶಗಳಲ್ಲಿ ಪಾಲಿಲ್ಲ.

ಇಂಥ ಅಳತೆಯ ಪರಿಣಾಮ ಮುಂದಿನ ಸಂಶೋಧನೆಯ ಮೇಲೆ ಆಗುತ್ತದೆಂಬುದೇ ನನ್ನ ಮುಖ್ಯ ಕಳವಳ. ಬೆಂಗಳೂರಿನ ಸುತ್ತಲ ಹಳ್ಳಿಗಳು ಆ ಸಮೀಕ್ಷೆಯ ಕಾಲದಂತೆ ಉಳಿದಿಲ್ಲ: ದೇವನಹಳ್ಳಿಗೆ 2008ರಲ್ಲಿ ವಿಮಾನ ನಿಲ್ದಾಣ ಬಂತು. ಹೊಸಕೋಟೆ, ದೊಡ್ಡಬಳ್ಳಾಪುರಗಳ ಸುತ್ತ ಕೈಗಾರಿಕೆ ಹಬ್ಬಿತು. ನಗರ–ಗ್ರಾಮದ ಆ ಹಳೆಯ ಅಂತರ ಇಂದಿಗೂ ಇದೆಯೇ ಎಂದು ತಿಳಿಯಲು ಸಮೀಕ್ಷೆಯನ್ನು ಮತ್ತೆ ಮಾಡಬೇಕು. ಮರುಸಮೀಕ್ಷೆಗೆ ಹೊಸತನದ ಹೊಳಪಿಲ್ಲ, ಕ್ಷೇತ್ರಕಾರ್ಯ ವರ್ಷಗಟ್ಟಲೆ ಹಿಡಿಯುತ್ತದೆ, ಕೈಗೆ ಬರುವುದು ಎರಡು–ಮೂರು ಪ್ರಬಂಧ. ಎಚ್-ಸೂಚ್ಯಂಕ ನೋಡಿ ಬಡ್ತಿ ಕೊಡುವ ವ್ಯವಸ್ಥೆಯಲ್ಲಿ ಯಾವ ಯುವ ಸಂಶೋಧಕಿ ಇದನ್ನು ಕೈಗೆತ್ತಿಕೊಂಡಾಳು? ನಿಯತಕಾಲಿಕದ ಅಂಕದಿಂದ ವ್ಯಕ್ತಿಯನ್ನು ಅಳೆಯಬಾರದೆಂದು 2013ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯೂ, ಅಂಕಿಗಳು ತಜ್ಞರ ತೀರ್ಮಾನಕ್ಕೆ ಪೂರಕವಾಗಿರಬೇಕೆಂದು 2015ರ ಲೈಡನ್ ಪ್ರಣಾಳಿಕೆಯೂ ಹೇಳಿವೆ. ಅದನ್ನು ಇಲ್ಲಿ ಜಾರಿಗೆ ತರಲು ದೊಡ್ಡ ಖರ್ಚೇನೂ ಬೇಡ. ಅಭ್ಯರ್ಥಿಯೇ ಆರಿಸಿದ ಐದು ಪ್ರಬಂಧಗಳನ್ನು ಸಮಿತಿ ಓದಲಿ. ಪ್ರತಿಯೊಂದರಲ್ಲೂ ಆಕೆಯ ಪಾಲೇನೆಂಬ ಲಿಖಿತ ವಿವರ ಇರಲಿ. ಆ ಪ್ರಬಂಧಗಳ ಫಲಿತಾಂಶವನ್ನು ಬಳಸಿದ ಸರ್ಕಾರಿ ಕಾರ್ಯಕ್ರಮ, ತರಬೇತಿ ಕೈಪಿಡಿ, ಜಿಲ್ಲಾ ಯೋಜನೆಗಳ ದಾಖಲೆಯನ್ನು ಉಲ್ಲೇಖಪಟ್ಟಿಯ ಜೊತೆಗೇ ಪರಿಗಣಿಸಲಿ.