ವರ್ತುಲ ಜೈವಿಕ ಆರ್ಥಿಕತೆಯ ಮಾಪನ

ಬೆಳೆ, ಮರ, ಮೀನು, ಸಾವಯವ ತ್ಯಾಜ್ಯದಂಥ ಜೀವಮೂಲದ ಸರಕನ್ನು ಮತ್ತೆ ಮತ್ತೆ ಬಳಕೆಗೆ ತರುವ ಆರ್ಥಿಕತೆ ಎಷ್ಟು ಬೆಳೆದಿದೆ ಎಂದು ಅಂಕಿಅಂಶಗಳಿಂದ ಅಳೆಯುವ ಕ್ರಮ. ಐರೋಪ್ಯ ಒಕ್ಕೂಟದ ಅಂಕಿಅಂಶ ಕಚೇರಿ ಯೂರೋಸ್ಟಾಟ್, ಒಟ್ಟು ವಸ್ತುಬಳಕೆಯಲ್ಲಿ ತ್ಯಾಜ್ಯದಿಂದ ಮರಳಿ ಪಡೆದ ಸರಕಿನ ಪಾಲನ್ನು ಪ್ರತಿವರ್ಷ ಲೆಕ್ಕಹಾಕುತ್ತದೆ. 2004ರಲ್ಲಿ ಶೇ. 8ರ ಆಸುಪಾಸಿನಲ್ಲಿದ್ದ ಅದು 2023ರಲ್ಲಿ ಮುಟ್ಟಿದ್ದು ಸುಮಾರು ಶೇ. 11.8, ಆಮೆನಡಿಗೆಯೇ ಸರಿ. ಜೀವಮೂಲದ ಸರಕಿನ ಬಹುಪಾಲು ಆಹಾರ, ಮೇವು, ಉರುವಲಾಗಿ ಮುಗಿದುಹೋಗುವುದರಿಂದ ಈ ಏರಿಕೆಗೆ ಮಿತಿಯೂ ಉಂಟು.

ಮಾಪನದ ನಿಜವಾದ ತೊಡಕು ಮಿಶ್ರ ಸರಕಿನದು. ಹತ್ತಿ-ಪಾಲಿಯೆಸ್ಟರ್ ಬೆರೆತ ಅಂಗಿಯಲ್ಲಿ ಹತ್ತಿಯಷ್ಟೇ ಜೈವಿಕ. ಪಾಲಿಯೆಸ್ಟರ್ ಸಾಮಾನ್ಯವಾಗಿ ಪೆಟ್ರೋಲಿಯಂನಿಂದ ಬಂದದ್ದು. ಉದ್ಯಮದ ವಹಿವಾಟಿನ ಅಂಕಿಅಂಶ ಇವೆರಡನ್ನು ಬೇರ್ಪಡಿಸುವುದಿಲ್ಲ. ಹೀಗಾಗಿ ಜವಳಿ, ರಾಸಾಯನಿಕ, ಪ್ಲಾಸ್ಟಿಕ್ ಉದ್ಯಮಗಳ ಮೊತ್ತವನ್ನು ತಜ್ಞರು ಅಂದಾಜಿಸಿದ ಜೈವಿಕ ಪ್ರಮಾಣದಿಂದ ಗುಣಿಸುತ್ತಾರೆ. ಅಂದಾಜು ಬದಲಾದರೆ ‘ಬೆಳವಣಿಗೆ’ಯೂ ಬದಲಾಗುತ್ತದೆ.

ಭಾರತದ ಜೈವಿಕ ಆರ್ಥಿಕತೆ 2014ರ ಸುಮಾರು 1,000 ಕೋಟಿ ಡಾಲರಿನಿಂದ 2024ಕ್ಕೆ 16,500 ಕೋಟಿ ಡಾಲರ್ ದಾಟಿತೆಂದು ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಸಂಸ್ಥೆಯಾದ ಬೈರಾಕ್‌ನ ವರದಿ ಹೇಳುತ್ತದೆ. ಲಸಿಕೆ, ಔಷಧ, ಎಥನಾಲ್, ಸಂಶೋಧನಾ ಸೇವೆ ಎಲ್ಲವೂ ಇದರಲ್ಲಿ ಸೇರಿವೆ. ತ್ಯಾಜ್ಯ ಎಷ್ಟು ಮರಳಿ ಬಳಕೆಗೆ ಬಂತೆಂಬುದನ್ನು ಈ ಮೊತ್ತ ತಿಳಿಸುವುದಿಲ್ಲ.