ನೀನ್ಯಾರು ಅಂತ ಕೇಳದ ಪಂಪು

ಹೋದ ವಾರ ಊರಿಗೆ ಹೋಗಿದ್ದೆ. ತಿಪಟೂರಿನ ಹತ್ತಿರ ನಮ್ಮ ಚಿಕ್ಕಪ್ಪನ ತೆಂಗಿನ ತೋಟ ಇದೆ. ತ್ರೀ ಫೇಸ್ ಕರೆಂಟು ಹೊತ್ತಲ್ಲದ ಹೊತ್ತಲ್ಲಿ ಬರುತ್ತೆ ಅಂತ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ಅದರೊಳಗೆ ಒಂದು ಸಿಮ್ಮು. ಮನೆಯಲ್ಲಿ ಮಲಗಿಕೊಂಡೇ ರಿಂಗ್ ಕೊಟ್ಟರೆ ಮೋಟರ್ ಶುರು.

"ಮೊನ್ನೆ ಯಾರೋ ರಾಂಗ್ ನಂಬರ್ ಮಾಡಿ ಮೋಟ್ರು ಆನ್ ಆಗೋಗಿತ್ತು ಕಣೋ. ಬೆಳಗ್ಗೆ ನೋಡಿದ್ರೆ ಪಾತಿಯೆಲ್ಲಾ ಕೆರೆ!" ಅಂತ ಚಿಕ್ಕಪ್ಪ ನಕ್ಕರು. ನಾನೂ ನಕ್ಕೆ. ವಾಪಸ್ ಬಸ್ಸಿನಲ್ಲಿ ಮಾತ್ರ ನಗು ಬರಲಿಲ್ಲ. ಇಂಥದ್ದೇ ಪೆಟ್ಟಿಗೆಗಳಿಗೆ ಪ್ರೋಗ್ರಾಮ್ ಬರೆಯುವುದು ನನ್ನ ಹೊಟ್ಟೆಪಾಡು.

ಈ ರಾಂಗ್ ನಂಬರ್ ಕತೆಯ ದೊಡ್ಡಣ್ಣ 2000ನೇ ಇಸವಿಯಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದಿದೆ. ಕ್ವೀನ್ಸ್‌ಲ್ಯಾಂಡಿನ ಮರೂಚಿ ಶೈರ್ ಎಂಬಲ್ಲಿ ಊರಿನ ಕೊಳಚೆ ನೀರನ್ನು ಸಾಗಿಸಲು 142 ಪಂಪಿಂಗ್ ಸ್ಟೇಷನ್‌ಗಳಿದ್ದವು. ಒಂದೊಂದರಲ್ಲೂ ಒಂದು ಪುಟ್ಟ ಕಂಪ್ಯೂಟರು. ರೇಡಿಯೋ ಮೂಲಕ ಕೇಂದ್ರದ ಜೊತೆ ಮಾತಾಡಿ, ಆಜ್ಞೆ ತಗೊಂಡು, ತೊಂದರೆಯಾದರೆ ಅಲಾರಂ ಕಳಿಸುವುದು ಅದರ ಕೆಲಸ. ಇಂಟರ್ನೆಟ್ಟಿನ ಗಾಳಿಯೂ ಸೋಕಿರಲಿಲ್ಲ.

ವ್ಯವಸ್ಥೆ ಇನ್ನೂ ಹೊಸದು. ಅಷ್ಟರಲ್ಲೇ ಪಂಪುಗಳು ಓಡಬೇಕಾದಾಗ ಓಡಲಿಲ್ಲ, ಅಲಾರಂ ಬರಬೇಕಾದಾಗ ಬರಲಿಲ್ಲ. ಎಂಜಿನಿಯರುಗಳು ಏನು ಮಾಡಿದರು ಹೇಳಿ? ನಾವೆಲ್ಲ ಮಾಡುವುದನ್ನೇ! ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದರು. ತೊಂದರೆ ಹೋಗಲಿಲ್ಲ. ಕೊನೆಗೆ ಒಬ್ಬ ಎಂಜಿನಿಯರ್ ರೇಡಿಯೋ ಸಂದೇಶಗಳನ್ನೆಲ್ಲ ದಾಖಲಿಸುತ್ತಾ ಕೂತ. ಕಿತಾಪತಿಯೆಲ್ಲ 14ನೇ ಸ್ಟೇಷನ್ನಿನ ಹೆಸರಲ್ಲಿ ಬರುತ್ತಿದೆ ಅಂತ ಗೊತ್ತಾಯಿತು. ಹೋಗಿ ನೋಡಿದರೆ ಆ ಪೆಟ್ಟಿಗೆ ಪಾಪ ತನ್ನ ಪಾಡಿಗೆ ತಾನಿದೆ. ಆತ ಅದರ ನಂಬರನ್ನು 3 ಅಂತ ಬದಲಾಯಿಸಿಬಿಟ್ಟ. ಇನ್ನು ಮೇಲೆ '14' ಅಂತ ಯಾರಾದರೂ ಮಾತಾಡಿದರೆ ಅದು ಕಳ್ಳನೇ! ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಆದರೆ ಕಳ್ಳನೂ ಬೇರೆ ಬೇರೆ ನಂಬರ್ ಹಿಡಿದು ಬಂದ.

ಅಷ್ಟರಲ್ಲಿ ಸುಮಾರು 8 ಲಕ್ಷ ಲೀಟರ್ ಕೊಳಚೆ ಪಾರ್ಕುಗಳಿಗೆ, ಹೊಳೆಗೆ, ಒಂದು ದೊಡ್ಡ ಹೋಟೆಲಿನ ಅಂಗಳಕ್ಕೆ ನುಗ್ಗಿತ್ತು. ಹಳ್ಳದ ನೀರು ಕಪ್ಪಾಯಿತು, ಜಲಚರಗಳು ಸತ್ತವು, ವಾಸನೆಗೆ ಜನ ಮೂಗು ಮುಚ್ಚಿಕೊಂಡರು.

ಏಪ್ರಿಲ್ 23ರ ರಾತ್ರಿ ಕಳ್ಳ 4ನೇ ಸ್ಟೇಷನ್ನಿನ ವೇಷ ಹಾಕಿ ನಾಲ್ಕು ಕಡೆ ಅಲಾರಂ ಬಾಯಿ ಮುಚ್ಚಿಸಿದ. ಅದೇ ರಾತ್ರಿ ಪೊಲೀಸರು ಒಂದು ಕಾರು ನಿಲ್ಲಿಸಿದರೆ ಒಳಗೆ ಲ್ಯಾಪ್‌ಟಾಪು, ರೇಡಿಯೋ, ಜೊತೆಗೆ ಸ್ಟೇಷನ್ನುಗಳಲ್ಲಿದ್ದಂಥದ್ದೇ ಒಂದು ಪೆಟ್ಟಿಗೆ. ಕಾರಿನಲ್ಲಿದ್ದವನು ವಿಟೆಕ್ ಬೋಡೆನ್. ಈ ವ್ಯವಸ್ಥೆಯನ್ನು ಅಳವಡಿಸಿದ ಕಂಪನಿಯಲ್ಲೇ ಕೆಲಸಕ್ಕಿದ್ದು, ಬಿಟ್ಟು, ಆಮೇಲೆ ಅಲ್ಲಿನ ಕೌನ್ಸಿಲ್‌ನಲ್ಲಿ ಕೆಲಸ ಕೇಳಿ ಸಿಗದೆ ಹೋದವನು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 2001ರ ಅಕ್ಟೋಬರ್‌ನಲ್ಲಿ ಎರಡು ವರ್ಷ ಜೈಲು ಶಿಕ್ಷೆಯಾಯಿತು.

ಗಮನಿಸಿ, ಆತ ಯಾವ ಬೀಗವನ್ನೂ ಒಡೆಯಬೇಕಾಗಿರಲಿಲ್ಲ. ಸರಿಯಾದ ಪೆಟ್ಟಿಗೆ, ಸರಿಯಾದ ತರಂಗಾಂತರ, ಒಂದು ನಂಬರು. ಅಷ್ಟಿದ್ದರೆ ಪಂಪು 'ಅಪ್ಪಣೆ' ಅನ್ನುತ್ತಿತ್ತು.

ಆಮೇಲೆ ನಾವೇನಾದರೂ ಕಲಿತೆವಾ? 2015ರಲ್ಲಿ ಇಬ್ಬರು ಸಂಶೋಧಕರು ಓಡುತ್ತಿರುವ ಜೀಪನ್ನು ದೂರದಿಂದಲೇ ನಿಯಂತ್ರಿಸಿ ತೋರಿಸಿದ ಮೇಲೆ 14 ಲಕ್ಷ ವಾಹನಗಳನ್ನು ರಿಪೇರಿಗೆ ವಾಪಸ್ ಕರೆಯಬೇಕಾಯಿತು. 2016ರಲ್ಲಿ ಮಿರಾಯ್ ಎಂಬ ಪ್ರೋಗ್ರಾಮು, ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಕ್ಯಾಮೆರಾ, ರೌಟರ್‌ಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡಿತು.

ಬೆಂಗಳೂರಿಗೆ ಬಂದವನೇ ನಾನು ಬರೆದ ಕೋಡ್ ತೆಗೆದು ನೋಡಿದೆ. ಸಂದೇಶದಲ್ಲಿರುವ ನಂಬರ್ ಪಟ್ಟಿಯಲ್ಲಿದ್ದರೆ ವಾಲ್ವ್ ತೆಗೆ. ಅಷ್ಟೇ! ಮರೂಚಿಗೂ ನನಗೂ ಏನು ವ್ಯತ್ಯಾಸ? ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಗುಟ್ಟಿನ ಕೀಲಿ ಕೊಟ್ಟು, ಪ್ರತಿ ಸಂದೇಶಕ್ಕೂ ಅದರಿಂದ ಸಹಿ ಹಾಕಿಸಬೇಕು. ಯಾರೋ ಹಳೇ ಸಂದೇಶವನ್ನು ರೆಕಾರ್ಡ್ ಮಾಡಿ ಮತ್ತೆ ಕಳಿಸಿದರೆ ನಡೆಯಬಾರದು, ಅದಕ್ಕೊಂದು ಕ್ರಮಸಂಖ್ಯೆ. ಕೋಡ್ ಬರೆಯಲು ಕೆಲವು ದಿನ ಸಾಕು. ಕಾರ್ಖಾನೆಯಲ್ಲಿ ಪೆಟ್ಟಿಗೆಗೊಂದು ಕೀಲಿ ತುಂಬಿಸಿ ಲೆಕ್ಕ ಇಡುವುದೇ ತಲೆನೋವು. ನಮ್ಮ ಲೀಡ್‌ಗೆ ಹೇಳಿದೆ. "ಕ್ಲೈಂಟ್ ಕೇಳಿಲ್ಲವಲ್ಲ, ಮುಂದಿನ ರಿಲೀಸ್‌ನಲ್ಲಿ ನೋಡೋಣ" ಅಂದರು. ನನ್ನದೇ ಹೆಸರಲ್ಲಿ ಬಗ್ ಹಾಕಿ, ತುಂಬಾ ಗಂಭೀರ ಅಂತ ಗುರುತು ಮಾಡಿದ್ದೇನೆ. ನಿನ್ನೆ ನೋಡಿದರೆ ಯಾರೋ ಅದನ್ನು 'ಸಾಧಾರಣ'ಕ್ಕೆ ಇಳಿಸಿದ್ದಾರೆ. ಇವತ್ತು ಮತ್ತೆ ಏರಿಸಿದೆ.

ಚಿಕ್ಕಪ್ಪನ ಸ್ಟಾರ್ಟರ್‌ನಲ್ಲಿ ಗೊತ್ತಿರುವ ನಂಬರುಗಳಿಗೆ ಮಾತ್ರ ಓಗೊಡುವ ಸೌಲಭ್ಯ ಇತ್ತು, ಯಾರೂ ಆನ್ ಮಾಡಿರಲಿಲ್ಲ. ಫೋನಿನಲ್ಲೇ ಹೇಳಿಕೊಟ್ಟು ಮಾಡಿಸಿದೆ. ಈಗ ಚಿಕ್ಕಮ್ಮ ರಿಂಗ್ ಕೊಟ್ಟರೆ ಮೋಟರ್ ಕೇಳುತ್ತಿಲ್ಲವಂತೆ, ಅವರ ನಂಬರ್ ಸೇರಿಸುವುದೇ ಮರೆತುಹೋಗಿದೆ :) ಶನಿವಾರ ಮತ್ತೆ ತಿಪಟೂರು ಬಸ್ಸು.