ಅಪ್‌ಗ್ರೇಡ್ ಆಯ್ತು, ವೈಫೈ ಹೋಯ್ತು

ಇವತ್ತಿನ ಎಪಿಸೋಡ್ ಶುರುವಾಗೋದು ಅಜ್ಜಂಪುರದ ನಮ್ಮ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ. ಹಾರ್ಡ್‌ವೇರ್ ಅಂದ್ರೆ ಮೊಳೆ, ಪೈಪು, ಪೇಂಟು. ಕಂಪ್ಯೂಟರ್ ಅಂತ ಅಲ್ಲಿದ್ದದ್ದು ತರೀಕೆರೆಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಒಂದೇ ಲ್ಯಾಪ್‌ಟಾಪ್. ಅದಕ್ಕೆ ಉಬುಂಟು ಹಾಕಿಕೊಟ್ಟವನು ನಾನೇ.

ತಿಂಗಳ 19ನೇ ತಾರೀಖು ಸಂಜೆ ಕಡೂರಿಂದ ಹೋದವನು, ಸುಮ್ಮನಿರಲಾರದೆ ಅಪ್‌ಗ್ರೇಡ್ ಒತ್ತಿದೆ. ರೀಸ್ಟಾರ್ಟ್ ಆದ ಮೇಲೆ ವೈಫೈ ಗುರುತೇ ಇಲ್ಲ. ಮಾರನೇ ದಿನ ಮಾವನ ಜಿಎಸ್‌ಟಿ ರಿಟರ್ನ್‌ಗೆ ಕೊನೆ ದಿನ. ಮಾವ ಬೈಯಲಿಲ್ಲ. ಬೈದಿದ್ರೇ ವಾಸಿ ಇತ್ತು.

ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿದೆ. ಅದೂ ವೈಫೈ ತಾನೆ! ವೈಫೈ ಸರಿ ಮಾಡೋ ಫೈಲ್ ಇಂಟರ್ನೆಟ್‌ನಲ್ಲಿದೆ, ಇಂಟರ್ನೆಟ್‌ಗೆ ವೈಫೈ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಯಾಕೆ ಹೀಗಾಗುತ್ತೆ? ಲಿನಕ್ಸ್‌ನ ತಿರುಳನ್ನು ಕರ್ನಲ್ ಅಂತಾರೆ. ವೈಫೈ ಚಿಪ್ ಜೊತೆ ಮಾತಾಡೋ ಡ್ರೈವರ್ ಕರ್ನಲ್ ಒಳಗೇ ಇದ್ದರೆ, ಅಪ್‌ಗ್ರೇಡ್ ಆದಾಗ ಸಾಮಾನ್ಯವಾಗಿ ಅದೂ ಜೊತೆಗೇ ಬರುತ್ತೆ. ಹೊರಗಿಂದ ಹಾಕಿದ ಡ್ರೈವರ್ ಆದ್ರೆ, ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಕಟ್ಟಬೇಕು. ಡಿಕೆಎಂಎಸ್ ಅನ್ನೋ ವ್ಯವಸ್ಥೆ ಇದನ್ನು ತಾನಾಗೇ ಮಾಡುತ್ತೆ, ಆದ್ರೆ ಅದಕ್ಕೆ ಆ ಕರ್ನಲ್‌ನ ಹೆಡರ್ ಫೈಲ್‌ಗಳು ಬೇಕು. ನಮ್ಮಲ್ಲಿ ಅವೇ ಇರಲಿಲ್ಲ.

ಹಾಗಾದ್ರೆ ಎಲ್ಲ ಡ್ರೈವರ್ ಒಳಗೇ ಯಾಕಿಲ್ಲ? ಇಲ್ಲೇ ಇತಿಹಾಸ ಬರೋದು. 2000ದ ದಶಕದಲ್ಲಿ ಬಹಳ ಲ್ಯಾಪ್‌ಟಾಪ್‌ಗಳಲ್ಲಿದ್ದ ಬ್ರಾಡ್‌ಕಾಮ್ ಚಿಪ್ ಹೇಗೆ ಕೆಲಸ ಮಾಡುತ್ತೆ ಅಂತ ಕಂಪನಿ ಹೊರಗೆ ಹೇಳಿರಲಿಲ್ಲ. ಕೆಲವರು ವಿಂಡೋಸ್ ಡ್ರೈವರನ್ನೇ ಎನ್‌ಡಿಐಎಸ್‌ರ‍್ಯಾಪರ್ ಮೂಲಕ ಲಿನಕ್ಸ್‌ನಲ್ಲಿ ಓಡಿಸುತ್ತಿದ್ದರು. ಕೆಲವು ಹಠಮಾರಿಗಳು ಬೇರೆ ದಾರಿ ಹಿಡಿದರು. ಒಂದು ಗುಂಪು ಮುಚ್ಚಿದ ಡ್ರೈವರನ್ನು ಬಿಡಿಸಿ ನೋಡಿ ಚಿಪ್ಪಿನ ವಿವರ ಬರೆಯಿತು. ಇನ್ನೊಂದು ಗುಂಪು ಆ ಮೂಲ ನೋಡದೆ, ವಿವರವನ್ನಷ್ಟೇ ಓದಿ ಹೊಸ ಡ್ರೈವರ್ ಬರೆಯಿತು. ಕದ್ದದ್ದು ಅಂತ ಯಾರೂ ಬೆರಳು ತೋರಿಸಬಾರದಲ್ಲ! 2006ರಲ್ಲಿ ಅದು ಕರ್ನಲ್ ಸೇರಿತು. ಬ್ರಾಡ್‌ಕಾಮ್ ತಾನೇ ತೆರೆದ ಡ್ರೈವರ್ ಕೊಟ್ಟದ್ದು 2010ರಲ್ಲಿ, ಅದೂ ಆಗಿನ ಹೊಸ ಚಿಪ್‌ಗಳಿಗೆ.

ಈ ಕೆಲಸಕ್ಕೆ 2005ರಲ್ಲಿ ಕೈ ಹಾಕಿದವರಲ್ಲಿ ಅಮೆರಿಕದ ಲ್ಯಾರಿ ಫಿಂಗರ್ ಒಬ್ಬರು. ಆಗಲೇ ಅವರಿಗೆ ಅರವತ್ತು ದಾಟಿತ್ತು. ನಮ್ಮಲ್ಲಿ ಆ ವಯಸ್ಸಿಗೆ ಪೆನ್ಷನ್, ಮೊಮ್ಮಕ್ಕಳು ಅಂತಾರೆ. ಇವರು ಕರ್ನಲ್‌ಗೆ ಸಾವಿರಕ್ಕೂ ಹೆಚ್ಚು ಪ್ಯಾಚ್ ಕಳಿಸಿದರು. ರಿಯಲ್‌ಟೆಕ್ ಚಿಪ್‌ಗಳ ಡ್ರೈವರ್‌ಗಳನ್ನು ಹೊಸ ಹೊಸ ಕರ್ನಲ್‌ಗೆ ಹೊಂದುವಂತೆ ತಿದ್ದುತ್ತಾ, ಯಾರೋ ಎಲ್ಲೋ ಅಪ್‌ಗ್ರೇಡ್ ಒತ್ತಿ ಕೂತರೆ ದಾರಿ ಹೇಳುತ್ತಿದ್ದರು. 2024ರ ಜೂನ್‌ನಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಪೇಪರ್‌ನಲ್ಲಿ ನಾನಂತೂ ನೋಡಿದ ನೆನಪಿಲ್ಲ.

ಅಂಗಡಿಗೆ ವಾಪಸ್ ಬರೋಣ. ಚಾರ್ಜರ್ ಕೇಬಲ್‌ನಲ್ಲೇ ಫೋನನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ನೆಟ್ ಬಂತು. ಮೊದಲು ರಿಟರ್ನ್ ಸಲ್ಲಿಸಿದೆ, ಆಮೇಲೆ ಹೆಡರ್ ಹಾಕಿ ಡ್ರೈವರ್ ಮತ್ತೆ ಕಟ್ಟಿಸಿದೆ. ವೈಫೈ ಬಂದಾಗ ರಾತ್ರಿ ಹನ್ನೊಂದು.

ಷಟರ್ ಎಳೀತಾ ಮಾವ ಅಂದ್ರು: "ಇನ್ಮೇಲೆ 21ನೇ ತಾರೀಖು ಆದ್ಮೇಲೆ ಬಾರೋ."